ವಯಸ್ಸಲ್ಲ, ಕಾದಿದ್ದು

ಶಿವನಂಜಮ್ಮನವರು ಸ್ಲೈಡನ್ನು ಮೈಕ್ರೋಸ್ಕೋಪಿನ ಕೆಳಗೆ ಇಡುತ್ತಿರಲಿಲ್ಲ, ಕಿಟಕಿಗೆ ಹಿಡಿಯುತ್ತಿದ್ದರು. ಗಾಜಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಎಡಗಣ್ಣು ಮುಚ್ಚಿ, ಸೂಜಿಗೆ ದಾರ ಪೋಣಿಸುವವರ ಹಾಗೆ ತುಟಿ ಬಿಗಿಹಿಡಿದು ನೋಡುವರು. ಆಮೇಲೆ, "ಎಪ್ಪತ್ತು ದಾಟಿರೋ ಯಜಮಾನ್ರು ಕಣಮ್ಮ. ಪಾಪ, ಬೇಗ ತಂದ್ಬುಟ್ಟವ್ರೆ," ಎನ್ನುವರು. ನಾನು ಓಡಿಹೋಗಿ ರಿಜಿಸ್ಟರ್ ತೆಗೆದು ನೋಡಿದರೆ ವಯಸ್ಸು ಎಪ್ಪತ್ತಮೂರು. ಸತ್ತ ಮೂರೇ ಗಂಟೆಯಲ್ಲಿ ಶವಪರೀಕ್ಷೆ ಆಗಿರುತ್ತಿತ್ತು. ಅವರ ಊಹೆ ತಪ್ಪಿರಲಿ ಎಂದೇ ನಾನು ರಿಜಿಸ್ಟರ್ ನೋಡುತ್ತಿದ್ದದ್ದು. ಅದನ್ನು ಈಗ ಮುಚ್ಚಿಟ್ಟುಕೊಂಡು ಏನಾಗಬೇಕಿದೆ?

ಮೈಸೂರಿನ ಒಂದು ವೈದ್ಯಕೀಯ ಕಾಲೇಜಿನ ಪೆಥಾಲಜಿ ವಿಭಾಗದಲ್ಲಿ ಅವರು ಟೆಕ್ನಿಷಿಯನ್, ನಾನು ಎಂ.ಡಿ. ವಿದ್ಯಾರ್ಥಿನಿ. ಮೇಣದ ಅಚ್ಚಿನಲ್ಲಿ ಕೂರಿಸಿದ ಅಂಗಾಂಶವನ್ನು ಈರುಳ್ಳಿ ಸಿಪ್ಪೆಗಿಂತ ತೆಳುವಾಗಿ ಕತ್ತರಿಸಿ, ಗಾಜಿನ ಮೇಲೆ ಹರಡಿ, ಬಣ್ಣ ಹಾಕುವುದು ಅವರ ಕೆಲಸ. ಅದನ್ನು ನೋಡಿ ರೋಗ ಹೇಳುವುದು ನನ್ನ ಕೆಲಸ. ಕಾಗದದ ಮೇಲಂತೂ ಹೀಗೇ ಇತ್ತು. ಅವರು ಕಡಕೊಳದ ಆಚೆಯ ಹಳ್ಳಿಯಿಂದ ಬಂದವರು, ಪಿಯುಸಿ ಆದಮೇಲೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮಾಡಿಕೊಂಡಿದ್ದವರು. ಹಣೆಯ ತುಂಬ ವಿಭೂತಿ, ಏಪ್ರನ್ನಿನ ಜೇಬಿನಲ್ಲಿ ಸದಾ ಒಂದು ಪೆನ್ಸಿಲ್. ಆ ಮೇಣದ ಅಚ್ಚಿನ, ಅಂದರೆ ಬ್ಲಾಕಿನ, ಮೇಲೆ ನಂಬರು ಬರೆಯಲು ಪೆನ್ಸಿಲ್ಲೇ ಆಗಬೇಕು, ಪೆನ್ನಿನ ಶಾಯಿ ಸ್ಪಿರಿಟ್ಟಿಗೆ ಹೋಗಿಬಿಡುತ್ತದೆ. "ಪೆನ್ನಲ್ಲಿ ಬರ್ದಿದ್ದು ನಿಲ್ಲಲ್ಲ ಡಾಕ್ಟ್ರಮ್ಮ," ಎಂದು ನನಗೆ ಮೊದಲ ವಾರವೇ ಹೇಳಿಕೊಟ್ಟಿದ್ದರು. ಹೇಳಿಕೊಟ್ಟದ್ದಕ್ಕೂ ನನಗೆ ಸಿಟ್ಟು ಬಂದಿತ್ತು.

ನನ್ನ ಪ್ರಬಂಧದ ವಿಷಯ ಜೊಲ್ಲುಗ್ರಂಥಿಗಳು. ವಯಸ್ಸಾದಂತೆ ಅವುಗಳಲ್ಲಿ ಏನೇನು ಬದಲಾಗುತ್ತದೆ ಎಂದು ನೋಡಬೇಕು. ನೋಡುವುದು ಶವಪರೀಕ್ಷೆಯಲ್ಲಿ ಸಿಕ್ಕ ಗ್ರಂಥಿಗಳಲ್ಲಿ, ತೊಡಕು ಇದ್ದದ್ದೇ ಅಲ್ಲಿ. ಜೀವ ಹೋದಮೇಲೆ ಗ್ರಂಥಿ ಸುಮ್ಮನಿರುವುದಿಲ್ಲ, ತಾನೇ ಕರಗುತ್ತಾ ಹೋಗುತ್ತದೆ. ಬದುಕಿದ್ದಾಗ ಆದ ಬದಲಾವಣೆ ಯಾವುದು, ಸತ್ತಮೇಲೆ ಆದದ್ದು ಯಾವುದು ಎಂದು ಬೇರೆ ಮಾಡಲು ಬಾರದಿದ್ದರೆ ಪ್ರಬಂಧವೇ ಬಿದ್ದುಹೋಗುತ್ತದೆ. ನಾನು ಪುಸ್ತಕಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂತಿದ್ದೆ. ಗೈಡು ಸರ್ ಮಾತ್ರ ನಾನು ಏನು ತೋರಿಸಿದರೂ ಕನ್ನಡಕ ಮೇಲೆತ್ತಿ, "ನಂಜಮ್ಮ ಏನಂತಾರೆ?" ಎಂದು ಕೇಳುವರು.

ಆ ಒಂದು ಪ್ರಶ್ನೆಗೆ ನನ್ನ ಮೈಯೆಲ್ಲ ಉರಿದುಹೋಗುತ್ತಿತ್ತು. ರ್‍ಯಾಂಕ್ ಬಂದವಳು ನಾನು, ಎಂ.ಬಿ.ಬಿ.ಎಸ್. ಮಾಡಿದವಳು ನಾನು. ಜೂನಿಯರ್‌ಗಳು ಡಬ್ಬಿ ತೆಗೆದುಕೊಂಡು ಊಟಕ್ಕೆ ಕೂರುತ್ತಿದ್ದದ್ದು ಅವರ ಮೇಜಿನ ಸುತ್ತ. ನಾನು ಬಂದರೆ ಎಲ್ಲರೂ ಎದ್ದು ನಿಲ್ಲುವರು, ಅವರು ಬಂದರೆ ಜರುಗಿ ಜಾಗ ಕೊಡುವರು. ಎದ್ದು ನಿಲ್ಲುವುದು ನನಗೆ ಬೇಕಿರಲಿಲ್ಲ.

ಒಂದು ದಿನ ತಡೆಯಲಾರದೆ ಆರು ಸ್ಲೈಡುಗಳ ನಂಬರಿನ ಮೇಲೆ ಪ್ಲಾಸ್ಟರ್ ಅಂಟಿಸಿ ಅವರ ಮುಂದಿಟ್ಟೆ. "ಹೇಳಿ ನೋಡೋಣ ನಂಜಮ್ಮ," ಎಂದೆ. ನನ್ನ ದನಿಯಲ್ಲಿದ್ದ ಕೊಂಕು ಅವರಿಗೆ ತಿಳಿಯಲಿಲ್ಲವೋ, ತಿಳಿದೂ ಬಿಟ್ಟರೋ, ಒಂದೊಂದನ್ನೇ ಕಿಟಕಿಗೆ ಹಿಡಿದರು.

"ಇದು ಎಳೇದು, ಇಪ್ಪತ್ತರ ಆಸುಪಾಸು. ಇದು ಅರವತ್ತು. ಇದಕ್ಕೆ ತುಂಬಾ ವಯಸ್ಸು, ನೋಡಿ ಎಷ್ಟೊಂದು ಖಾಲಿ ಖಾಲಿ. ಇದನ್ನ ಕಟ್ ಮಾಡೋವಾಗ್ಲೇ ಬ್ಲೇಡಿನಡಿ ಜಾರ್‍ತಿತ್ತು, ಕೊಬ್ಬು." ಐದನೆಯದಕ್ಕೂ ವಯಸ್ಸು ಹೇಳಿದರು. ಐದೂ ಸರಿ. ಆರನೆಯದನ್ನು ತಿರುಗಿಸಿ ತಿರುಗಿಸಿ ನೋಡಿ ನಕ್ಕರು. "ಇದು ನಾನು ಕಟ್ ಮಾಡಿದ್ದಲ್ಲ ಕಣಮ್ಮ, ನಿಮ್ ಕೈದು. ಬ್ಲೇಡಿಗೆ ಎದ್ರುಕೊಂಡು ಕಟ್ ಮಾಡಿದ್ದೀರಿ, ಗೆರೆ ಗೆರೆ ಬಂದೈತೆ."

ಸರಿಯೇ. ಹಿಂದಿನ ದಿನ ಕದ್ದು ಕೂತು ನಾನೇ ಕತ್ತರಿಸಿದ್ದೆ. ಜೂನಿಯರ್‌ಗಳು ನಕ್ಕರು, ನಾನೂ ನಗುತ್ತಲೇ ಪ್ಲಾಸ್ಟರುಗಳನ್ನು ಕಿತ್ತು ತೆಗೆದೆ.

ಆಮೇಲೆ ಬಂದದ್ದು ನನ್ನ ಪ್ರಬಂಧದ ಹದಿನಾಲ್ಕನೆಯ ಚಿತ್ರ. ಎಂಬತ್ತು ದಾಟಿದ ಅಜ್ಜಿಯೊಬ್ಬರ ಗ್ರಂಥಿ. ಜೀವಕೋಶಗಳು ಮಂಕಾಗಿ, ಗೋಡೆಯಿಂದ ಕಳಚಿ, ನಡುವೆ ಉದುರಿ ಬಿದ್ದಿದ್ದವು. ಮುಪ್ಪು ಎಂದರೆ ಹೀಗಿರಬೇಕು ಎನ್ನುವಷ್ಟು ಚೆನ್ನಾಗಿತ್ತು. ಫೋಟೋ ತೆಗೆಸಿ ಸರ್‌ಗೆ ತೋರಿಸುವ ಮೊದಲೇ ಶಿವನಂಜಮ್ಮ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ ಮೆಲ್ಲಗೆ ಹೇಳಿದರು.

"ಡಾಕ್ಟ್ರಮ್ಮ, ತಪ್ಪು ತಿಳೀಬೇಡಿ. ಅದು ವಯಸ್ಸಲ್ಲ, ಕಾದಿದ್ದು."

"ಎಂಬತ್ತೆರಡು ವರ್ಷ ನಂಜಮ್ಮ. ರಿಜಿಸ್ಟರ್‌ನಲ್ಲಿದೆ."

"ವರ್ಷ ಆಗಿರ್‍ಬೋದು. ಆದ್ರೆ ವಯಸ್ಸಾದ್ರೆ ಮನೇಲಿರೋರು ಒಬ್ಬೊಬ್ರೇ ಖಾಲಿ ಮಾಡ್ತಾರೆ, ಆ ಜಾಗಕ್ಕೆ ಕೊಬ್ಬು ಬಂದು ಸೇರ್‍ಕೊತದೆ. ಇಲ್ಲಿ ಯಾರೂ ಖಾಲಿ ಮಾಡಿಲ್ಲ. ಎಲ್ಲಾ ಅಂಗೇ ಅವ್ರೆ, ಬಣ್ಣ ಮಾತ್ರ ಹೋಗೈತೆ. ಈ ಅಜ್ಜಿದು ಗಟ್ಟಿ ಗ್ರಂಥಿ. ಸತ್ಮೇಲೆ ಯಾರೋ ಬರ್‍ಲಿ ಅಂತ ಕಾಯ್ಸವ್ರೆ, ಬಿಸಿಲುಗಾಲ ಬೇರೆ."

ರಿಜಿಸ್ಟರ್‌ನ ಇನ್ನೊಂದು ಕಾಲಂ ನಾನು ನೋಡಿದ್ದೆ. ಮಗಳು ಬರಲೆಂದು ಒಂದೂವರೆ ದಿನ ಕಾದಿದ್ದರು. ಅವರು ಹೇಳಿದ್ದು ಸರಿ ಎಂದು ನನಗೆ ಆ ಬಾಗಿಲಲ್ಲೇ ಗೊತ್ತಾಯಿತು. ಗೊತ್ತಾದ್ದರಿಂದಲೇ ಚಿತ್ರವನ್ನು ಉಳಿಸಿಕೊಂಡೆ. ಆ ವಾರ ಸರ್ ಊರಲ್ಲಿರಲಿಲ್ಲ, ನಂಜಮ್ಮ ಏನಂತಾರೆ ಎಂದು ಕೇಳುವವರಿರಲಿಲ್ಲ, ಪರೀಕ್ಷಕರು ಪುಟ ತಿರುಗಿಸಿ ಮುಂದೆ ಹೋದರು, ನಾನು ಪಾಸಾದೆ. ಅವರ ಆ ವಿವರಣೆಯಿಂದ ಉಳಿದ ಚಿತ್ರಗಳನ್ನೆಲ್ಲ ತಿದ್ದಿಕೊಂಡಿದ್ದೆ ಎನ್ನುವುದು ಬೇರೆ ಮಾತು.

ಪ್ರಬಂಧ ಶುರುವಾದಾಗ ಶಿವನಂಜಮ್ಮ ಒಂದೇ ಒಂದು ಕೇಳಿದ್ದರು: "ಪುಸ್ತಕ ಆದ್ಮೇಲೆ ನನಗೊಂದ್ಸಲ ತೋರ್‍ಸಿ." ಕೃತಜ್ಞತೆಯ ಪುಟ ಬರೆಯುವಾಗ ಅದು ನೆನಪಿತ್ತು. ಸರ್ ಹೆಸರು, ಅಪ್ಪ ಅಮ್ಮನ ಹೆಸರು, ಗೆಳತಿಯರ ಹೆಸರು, ಕೊನೆಗೆ ಲಷ್ಕರ್ ಮೊಹಲ್ಲಾದಲ್ಲಿ ಬೈಂಡಿಂಗ್ ಮಾಡಿಕೊಟ್ಟವರ ಹೆಸರನ್ನೂ ಹಾಕಿದೆ. ಅವರದೊಂದನ್ನು ಬಿಟ್ಟೆ. ಮರೆತದ್ದಲ್ಲ. ಬರೆದಿದ್ದೆ, ಅಳಿಸಿದೆ. ಪುಸ್ತಕ ತೋರಿಸಲೂ ಇಲ್ಲ.

ವರ್ಷಗಳಾದವು. ಅವರು ನಿವೃತ್ತರಾದರು, ನಾನು ಪ್ರೊಫೆಸರ್ ಆದೆ. "ವಯಸ್ಸಲ್ಲ, ಕಾದಿದ್ದು" ಎನ್ನುವ ಮಾತನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ, ವಿದ್ಯಾರ್ಥಿಗಳು ಅದನ್ನು ಮೇಡಂ ಮಾತು ಎಂದು ಬರೆದುಕೊಳ್ಳುತ್ತಾರೆ. ನಾನು ತಿದ್ದಿದವಳಲ್ಲ.

ಹೋದ ವರ್ಷ ವಿದ್ಯಾರಣ್ಯಪುರಂನ ಅವರ ಮನೆಗೆ ಹೋದೆ. ಮೈಗೆ ಹುಷಾರಿಲ್ಲ ಎಂದು ಯಾರೋ ಹೇಳಿದ್ದರು. ಜಗಲಿಯ ಮೇಲೆ ಕೂತಿದ್ದರು, ಪಕ್ಕದಲ್ಲಿ ಚೊಂಬು. ಎರಡು ಮಾತಿಗೊಮ್ಮೆ ಗುಟುಕು ನೀರು.

"ಬಾಯಿ ಒಣಗ್ತದೆ ಡಾಕ್ಟ್ರಮ್ಮ. ಒಂದ್ ಹಿಡಿ ಅವಲಕ್ಕಿ ನುಂಗಕ್ಕೂ ನೀರು ಬೇಕು. ಅದೇ, ನಾವು ಕಟ್ ಮಾಡ್ತಿದ್ವಲ್ಲ, ಅದೇ ಗ್ರಂಥಿ. ನನ್ನದು ಈಗ ಎಂಗಿರ್‍ಬೋದು, ಹೇಳಿ ನೋಡಾಣ."

"ಕೊಬ್ಬು ತುಂಬಿರುತ್ತೆ," ಎಂದೆ.

"ಜಾರ್‍ತದೆ ಮತ್ತೆ. ಬ್ಲಾಕು ಚೆನ್ನಾಗಿ ತಣ್ಣಗೆ ಮಾಡ್ಕೊಬೇಕು," ಎಂದು ನಕ್ಕರು. ಚೊಂಬೆತ್ತಿ ಒಂದು ಗುಟುಕು ಕುಡಿದು, "ನಿಮ್ ಪುಸ್ತಕ ನೋಡ್ದೆ. ರಿಟೈರ್ ಆಗೋ ವಾರ ಲೈಬ್ರರಿಗೆ ಹೋಗಿದ್ದೆ," ಎಂದರು.

ನನ್ನ ಬಾಯಿಯೂ ಒಣಗಿತು.

"ಎಲ್ರ ಹೆಸರೂ ಆಕಿದ್ದೀರಿ. ಬೈಂಡಿಂಗ್ ಅಂಗಡಿಯೋರದೂ ಐತೆ. ಒಳ್ಳೇದಾಯ್ತು ಬುಡಿ, ಪಾಪ, ಅವ್ರನ್ನ ಯಾರು ನೆನೀತಾರೆ." ಆ ಮಾತಿನಲ್ಲಿ ಕೊಂಕಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. "ಪಟಗಳು ಚೆನ್ನಾಗಿ ಬಂದವೆ. ಯಾವ್ಯಾವ್ದು ನಾನು ಕಟ್ ಮಾಡಿದ್ದು ಅಂತ ಗುರುತು ಸಿಕ್ತು."

ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದ ಮನೆಯ ಹುಡುಗಿ ಏನೋ ಕೇಳಲು ಬಂದಳು, ಇವರು ಜರುಗಿ ಜಾಗ ಕೊಟ್ಟರು, ಅವಳು ಒರಗಿ ಕೂತಳು. ನಂಬುತ್ತೀರೋ ಇಲ್ಲವೋ, ಆಗಲೂ ನನಗೆ ಹೊಟ್ಟೆ ಉರಿಯಿತು. ಹೊರಟುಬಂದೆ.

ಮೂರು ತಿಂಗಳಾದಮೇಲೆ ಅವರ ಮಗಳು ಫೋನ್ ಮಾಡಿದರು. ಅಮ್ಮ ಹೋಗಿ ನಾಲ್ಕು ದಿನವಾಯಿತು ಎಂದರು. "ಯಾರಿಗೋಸ್ಕರಾನೂ ಕಾಯಿಸ್ಬೇಡಿ ಅಂತ ಮೊದಲೇ ಹೇಳಿದ್ರು ಮೇಡಂ. ಬೆಳಿಗ್ಗೆ ಹೋದ್ರು, ಮಧ್ಯಾಹ್ನಕ್ಕೆಲ್ಲ ಮುಗೀತು. ಅದಕ್ಕೇ ನಿಮಗೆ ಹೇಳಕ್ಕಾಗ್ಲಿಲ್ಲ."

ಮರುದಿನ ಲೈಬ್ರರಿಗೆ ಹೋದೆ. ನನ್ನ ಪ್ರಬಂಧ ತೆಗೆದು, ಕೃತಜ್ಞತೆಯ ಪುಟದಲ್ಲಿ ಅವರ ಹೆಸರನ್ನು ಕೈಯಲ್ಲಿ ಬರೆದುಬಿಡೋಣ ಎಂದುಕೊಂಡಿದ್ದೆ. ಆ ಪುಟ ಹುಡುಕುವ ಬದಲು ಕೈ ತಾನಾಗಿ ಹದಿನಾಲ್ಕನೆಯ ಚಿತ್ರಕ್ಕೆ ಹೋಯಿತು. ಅಡಿಬರಹದಲ್ಲಿ ನಾನು ಮುಪ್ಪಿನ ಬದಲಾವಣೆ ಎಂದು ಅಚ್ಚು ಹಾಕಿಸಿದ್ದೆ. ಅದರ ಕೆಳಗೆ ಬ್ಲಾಕಿನ ನಂಬರು ಬರೆಯುವ ಅದೇ ಗುಂಡು ಅಕ್ಷರದಲ್ಲಿ, ಪೆನ್ಸಿಲ್ಲಿನಲ್ಲಿ ಎರಡು ಮಾತಿತ್ತು: ವಯಸ್ಸಲ್ಲ, ಕಾದಿದ್ದು. ಕೃತಜ್ಞತೆಯ ಪುಟವನ್ನು ಅವರು ಮುಟ್ಟಿರಲಿಲ್ಲ.

ಸತ್ತಮೇಲೂ ಸರಿ ಅವರೇ. ನನಗೆ ಅಳು ಬಂತು, ಅಳುವಿನ ಜೊತೆ ಅದೇ ಹಳೆಯ ಕಿಚ್ಚೂ ಬಂತು. ಎದುರಿನ ವಿದ್ಯಾರ್ಥಿಯ ಹತ್ತಿರ ಪೆನ್ಸಿಲ್ ಕೇಳಿ ಇಸಿದುಕೊಂಡೆ. ಆ ಎರಡು ಮಾತಿನ ಕೆಳಗೆ, ಸಹಿ ಇರಬೇಕಾದ ಜಾಗದಲ್ಲಿ, ಶಿವನಂಜಮ್ಮ ಎಂದು ಬರೆದೆ.