ಕೈ ಗಟ್ಟಿ, ಮೊಣಕಾಲು ಹಳೆಯದು

ಸಿರುಗುಪ್ಪದ ಅಗ್ನಿಶಾಮಕ ಠಾಣೆಯಲ್ಲಿ ನನ್ನದು ಇಪ್ಪತ್ತೊಂಬತ್ತು ವರ್ಷದ ಸರ್ವಿಸು. ಹೊಳೆ ತುಂಬಿ ಬಂದಾಗಲೆಲ್ಲ ದೋಣಿಯ ಮುಂದುಗಡೆ ನನ್ನದೇ ಜಾಗ. ಹತ್ತುವ ಮುನ್ನ, ದಡದವನು ಹಿಡಿದ ಹಗ್ಗವನ್ನು ಎರಡು ಸಲ ಜಗ್ಗಿ ನೋಡುತ್ತಿದ್ದೆ. ಎಲ್ಲರೂ ಹಾಗೆಯೇ ಮಾಡುತ್ತಾರೆ, ನಾನು ಸ್ವಲ್ಪ ಜೋರಾಗಿಯೇ ಜಗ್ಗುತ್ತಿದ್ದೆ.

ಐವತ್ತು ದಾಟಿದವರ ಕಸುವು ಎಷ್ಟು ಉಳಿದಿದೆಯೆಂದು ನೋಡಲು ಇಲಾಖೆಯವರು ಬಳ್ಳಾರಿಯ ಆಸ್ಪತ್ರೆಗೆ ಕರೆಸಿದಾಗ ಸಿಟ್ಟು ಬಂತು. ಮುಪ್ಪೇನು ಜೋಳವೇ, ಸೇರಿನಲ್ಲಿ ಅಳೆಯಲು? ನಿಜ ಹೇಳಬೇಕೆಂದರೆ ಭಯವಿತ್ತು. ವರ್ಷದಿಂದ ಬಲ ಮೊಣಕಾಲು ನೋಯುತ್ತಿತ್ತು, ಹೆಂಡತಿಗೂ ಹೇಳಿರಲಿಲ್ಲ. ಗೊತ್ತಾದರೆ ದೋಣಿ ತಪ್ಪುತ್ತಿತ್ತು.

ಅಲ್ಲಿ ಡಾಕ್ಟರಮ್ಮ ಕೊಟ್ಟ, ಕೈಬಲ ಅಳೆಯುವ ಯಂತ್ರದ ಹಿಡಿಯನ್ನು ಹಿಂಡಿದೆ. ಮುಳ್ಳು ಏರಿದ್ದು ನೋಡಿ ಅವರು ಹುಬ್ಬೇರಿಸಿದರು. ಆಮೇಲೆ ನನ್ನನ್ನೂ ನಮ್ಮ ಠಾಣೆಯವನೇ ಆದ ಕುರುಗೋಡಿನ ಗೆಳೆಯನನ್ನೂ ಕುರ್ಚಿಯಲ್ಲಿ ಕೂರಿಸಿ, ಗಂಟೆ ಹೊಡೆದ ಕೂಡಲೇ ಕೈ ಊರದೆ ಎದ್ದು ಕೂತು ಮಾಡಬೇಕೆಂದರು. ಗಂಟೆ ಹೊಡೆಯಿತು. ಎದ್ದೆವು, ಕೂರಲಿಲ್ಲ. ಬಾಗಿಲು ದಾಟಿ, ಮೆಟ್ಟಿಲಿಳಿದು, ಅಂಗಳದಲ್ಲಿ ನಮ್ಮ ಗಾಡಿ ಹುಡುಕುತ್ತ ನಿಂತಾಗಲೇ ಎಚ್ಚರವಾದದ್ದು.

"ಬೆಂಕಿ ಎಲ್ಲೈತಲೇ?" ಎಂದ ಗೆಳೆಯ.

ಎರಡನೇ ಸಲ ಡಾಕ್ಟರಮ್ಮ ಗಂಟೆ ಮುಟ್ಟಲಿಲ್ಲ, ಬಾಯಲ್ಲೇ ಹೇಳಿದರು. ಆರನೇ ಸಲ ಏಳುವಾಗ ನನ್ನ ಕೈ ತಾನಾಗಿ ತೊಡೆಯ ಮೇಲೆ ಊರಿತು.

"ಎಷ್ಟ್ ದಿನಾತ್ರಿ ಮೊಣಕಾಲ್ ನೋವು?"

"ವರ್ಷಾತ್ರಿ ಮೇಡಂ. ಗಂಟಿ ಹೊಡದ್ರ ನೋವು ಗೊತ್ತಾಗಂಗಿಲ್ರಿ."

"ನೀರಾಗ ಇಳಿದ್ ಮ್ಯಾಲ ಗೊತ್ತಾಗ್ತೈತಿ. ಆಗ ಏನ್ ಮಾಡ್ತೀರಿ?"

ಅವರು ಅದನ್ನೇ ಬರೆದು ಠಾಣೆಗೆ ಕಳಿಸಿದರು. ದೋಣಿ ಗೆಳೆಯನಿಗೆ ಹೋಯಿತು, ನನಗೆ ದಡದ ಹಗ್ಗ ಬಂತು. ಎರಡು ದಿನ ಮನೆಯಲ್ಲಿ ಮುಖ ಊದಿಸಿಕೊಂಡೇ ಇದ್ದೆ. ಹೆಂಡತಿ ಎಣ್ಣೆ ಬಿಸಿ ಮಾಡಿ ತಂದಳು. "ವರ್ಷದಿಂದ ಗ್ವಾಡಿ ಹಿಡ್ಕೊಂಡು ಮೆಟ್ಲಾ ಇಳಿಯೋದು ನಾ ನೋಡಿಲ್ಲೇನ್ರಿ?" ಎಂದಳು.

ಆ ಮಳೆಗಾಲ ಹಚ್ಚೊಳ್ಳಿ ಕಡೆ ನೀರು ಏರಿ, ಪಂಪ್‌ಸೆಟ್ ಬಿಚ್ಚಲು ಹೋದ ಗಂಡಹೆಂಡತಿ ಹೊಲದಲ್ಲೇ ಸಿಕ್ಕಿಕೊಂಡರು. ಗೆಳೆಯ ದೋಣಿ ಹತ್ತಿದ.

"ಹಗ್ಗ ಜಗ್ಗಿ ನೋಡಲೇ," ಎಂದೆ.

"ನಿನ್ ಕೈಯಾಗ ಐತಲ್ಲಲೇ. ನೋಡೋದೇನೈತಿ?" ಎಂದವನೇ ಹೊರಟುಬಿಟ್ಟ.

ಮೂವರನ್ನೂ ದಡಕ್ಕೆ ಎಳೆದುಕೊಂಡೆವು. ಅಂಗೈ ಉರಿಯುತ್ತಿತ್ತು, ಮನಸ್ಸಿಗೆ ಹಾಯೆನಿಸಿತ್ತು. ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ಒಬ್ಬನನ್ನೂ ಹಾಗೆ ನಂಬಿ ದೋಣಿ ಹತ್ತಿರಲಿಲ್ಲ.