ಕಪಾಟಿನ ಬಾಗಿಲಿಗೆ ಬೀಟೆ ಬಣ್ಣ

ಎಂಬತ್ತರ ದಶಕದಲ್ಲಿ ನಾನು ಸೊಸೆಯಾಗಿ ಹೋದ ಚಾಮರಾಜಪೇಟೆಯ ಮನೆಯ ಅಡುಗೆಮನೆ ಕಪಾಟಿಗೆ ತೇಗದ ತೆಳು ಪದರ ಅಂಟಿಸಿದ ವೆನೀರಿನ ಬಾಗಿಲುಗಳಿದ್ದವು. ಮೇಲೆ ಲ್ಯಾಕರಿನ ಹೊಳಪು ಲೇಪ ಹೊಡೆದು ಜೇನಿನಂತೆ ಹೊಳೆಯುತ್ತಿದ್ದ ಆ ತಿಳಿ ಬಣ್ಣ ನನಗೆ ಇಷ್ಟ. ಅದಕ್ಕೇ ಇರಬೇಕು, ಅತ್ತೆಗೆ ಅದನ್ನು ಕಂಡರಾಗುತ್ತಿರಲಿಲ್ಲ.

“ಎಣ್ಣೆ ಕೈಲೇ ಮುಟ್ಟಿ ಮುಟ್ಟಿ ಬಾಗ್ಲೆಲ್ಲಾ ಹಾಳ್ಮಾಡಿದೀಯ. ಬೀಟೆ ಬಣ್ಣ ಹೊಡಿಸ್ಬಿಟ್ರೆ ನಿನ್ನ ಕೊಳೆನಾದ್ರೂ ಮುಚ್ಚೋಗತ್ತೆ,” ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಗಂಡ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ.

ಕೊನೆಗೆ ಪಾಲಿಶ್‌ನವನು ಬಂದ. ಹಳೆಯ ಲ್ಯಾಕರ್ ಕೆರೆದು, ಉಪ್ಪುಕಾಗದದಲ್ಲಿ ಉಜ್ಜಿ, ಬೀಟೆಮರದಂಥ ಕಡುಕಂದು ಬಣ್ಣ ಬಳಿದ. ಹಿಡಿಯ ಸುತ್ತ, ನಾನು ಮುಟ್ಟುತ್ತಿದ್ದ ಜಾಗದಲ್ಲಿ, ಬಣ್ಣ ಸೊಗಸಾಗಿ ಹಿಡಿಯಿತು. ಆದರೆ ಪ್ರತಿ ಬಾಗಿಲಿನ ನಡುವೆ ನಾಣ್ಯದಗಲದ ಒಂದು ಬಿಳಿಚು ಮಚ್ಚೆ ಉಳಿಯಿತು. ಮತ್ತೆ ಬಳಿದರೂ ಹೋಗಲಿಲ್ಲ.

“ಇಲ್ಲಿ ಎಣ್ಣೆ ಮರದೊಳಕ್ಕೇ ಇಳಿದ್ಬಿಟ್ಟಿದೆ ಅಮ್ಮಾ, ಎಣ್ಣೆ ಕುಡಿದ ಮರ ಬಣ್ಣ ಹಿಡಿಯಲ್ಲ,” ಎಂದ.

ಅದು ನನ್ನ ಕೈಯ ಎಣ್ಣೆಯಲ್ಲ. ಒಣ ಕುಂಕುಮ ಲ್ಯಾಕರ್ ಮೇಲೆ ನಿಲ್ಲುವುದಿಲ್ಲವೆಂದು ಎಣ್ಣೆಯಲ್ಲಿ ಕಲಸಿ, ಹಿಂದಿನ ವಾರದ್ದನ್ನು ತೆಂಗಿನ ನಾರಿನಿಂದ ತಿಕ್ಕಿ ತೆಗೆದು, ಶುಕ್ರವಾರ ಶುಕ್ರವಾರ ಅದೇ ಜಾಗಕ್ಕೆ ಬೊಟ್ಟು ಒತ್ತುತ್ತಿದ್ದವರು ಅತ್ತೆ. ಲ್ಯಾಕರ್ ಸವೆಸಿದ್ದೂ ಅವರೇ, ಎಣ್ಣೆ ಕುಡಿಸಿದ್ದೂ ಅವರೇ.

ನಾನು ಬಾಯಿ ತೆರೆಯುವ ಮೊದಲೇ ಅವರು ಮಚ್ಚೆಗೆ ಕೈಮುಗಿದರು.

“ನೋಡಿದ್ಯಾ? ಲಕ್ಷ್ಮಿ ಜಾಗ ಬಿಟ್ಕೊಡ್ಲಿಲ್ಲ. ಮುಚ್ಚೋಗಿದ್ದೆಲ್ಲ ನಿನ್ನ ಕೊಳೆ.”

ಆಮೇಲೆ ಕುಂಕುಮ ಕಲಸಲು ಎಣ್ಣೆಯ ಬಟ್ಟಲು ತಾ ಎಂದು ನನ್ನನ್ನೇ ಕಳಿಸಿದರು.