ಎರಡನೇ ಬಾಣಂತನ

ಹೋದ ವಾರ ತಂಗಿಯ ಬಾಣಂತನದ ಸಾಮಾನು ತರಲು ದೇವರಾಜ ಮಾರುಕಟ್ಟೆ ಪಕ್ಕದ, ನಾರುಬೇರು ಮಾರುವ ಗ್ರಂಧಿಗೆ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಓಮದ ಡಬ್ಬದ ಮುಚ್ಚಳ ತೆಗೆದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ತಂಗಿಯೂ ಮರೆತುಹೋದಳು, ಅವಳ ಕೂಸೂ ಮರೆತುಹೋಯಿತು. ಚಿಕ್ಕಮ್ಮ ಕಣ್ಣಮುಂದೆ ಬಂದು ಕೂತಳು... ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟುಕೊಂಡು, ಲಕ್ಷ್ಮೀಪುರಂ ಮನೆಯ ಹಾಲ್‌ನಲ್ಲಿ ಚಾಪೆ ಹಾಸಿ. ಅವಳನ್ನು ನೆನೆದರೆ ಬೇರೆಯವರಿಗೆ ಅಳು ಬರುತ್ತದಂತೆ. ನನಗೆ ಬರುವುದು ಸಿಟ್ಟು.

ಅದು ಹದಿನೈದು ವರ್ಷದ ಹಿಂದಿನ ಮಾತು. ನಾನು ಅಜ್ಜಿಯ ಮನೆಯಲ್ಲಿದ್ದುಕೊಂಡು ಡಿಗ್ರಿ ಓದುತ್ತಿದ್ದೆ. ಅಜ್ಜಿ, ಚಿಕ್ಕಪ್ಪ, ಚಿಕ್ಕಮ್ಮ, ಅವರ ಐದು ವರ್ಷದ ಮಗ, ಇಷ್ಟೇ ಜನ. ಆ ಮಗುವಿನ ಎರಡೂ ಕಿಡ್ನಿ ಕೈಕೊಟ್ಟವು. ಹೆತ್ತವರಲ್ಲಿ ಯಾರಾದರೂ ಒಂದು ಕೊಡಬಹುದು ಎಂದರು ಡಾಕ್ಟರು. ಪರೀಕ್ಷೆ ಮಾಡಿದರೆ ಇಬ್ಬರದೂ ಹೊಂದುತ್ತಿತ್ತು. ಅಜ್ಜಿ ಅಡ್ಡ ಬಂದಳು. "ನನ್ ಮಗನ್ ಮೈಗೆ ಕತ್ತಿ ಹಾಕ್ಸಕ್ಕೆ ನಾನು ಒಪ್ಪಲ್ಲ. ದುಡಿಯೋ ಗಂಡಸು ಕಣಮ್ಮ ಅವ್ನು."

ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ. ಆದರೆ ಆ ಹೆಗ್ಗಣಕ್ಕಾದರೂ ಬಾಯಿ ಬೇಡವೇ? ಚಿಕ್ಕಪ್ಪ ತುಟಿ ಪಿಟಕ್ಕೆನ್ನಲಿಲ್ಲ. "ನಾನೇ ಕೊಡ್ತೀನಿ ಬುಡಿ" ಎಂದು ಚಿಕ್ಕಮ್ಮ ಎದ್ದು ಒಲೆ ಮುಂದೆ ಹೋದಳು. ಬೆಳಗಿನಿಂದ ರಾತ್ರಿಯವರೆಗೆ ಅವಳು ಆ ಮನೆಯಲ್ಲಿ ಮಾಡುತ್ತಿದ್ದುದಕ್ಕೆ ಅವರೆಲ್ಲ ಏನು ಹೆಸರಿಟ್ಟಿದ್ದರೋ, ದುಡಿಮೆ ಅಂತೂ ಅಲ್ಲ.

ಆಪರೇಷನ್ ಆಯಿತು, ಮಗು ಉಳಿಯಿತು. ಮನೆಗೆ ಕರೆತಂದ ಮೇಲೆ ಅವನ ಕೋಣೆಗೆ ಹೊಸದಾಗಿ ಸುಣ್ಣ ಬಳಿಸಿದರು. ಹೊರಗಿನವರು ಒಳಗೆ ಹೋಗುವ ಹಾಗಿಲ್ಲ, ನಾವು ಹೋದರೂ ಮೂಗು ಬಾಯಿಗೆ ಬಟ್ಟೆ. ಕುಡಿಯುವ ನೀರು, ತೊಳೆಯುವ ನೀರು, ಎಲ್ಲ ಕುದಿಸಬೇಕು. ಮಾತ್ರೆ ಗಂಟೆ ತಪ್ಪುವಂತಿಲ್ಲ. ಎಲ್ಲ ಸರಿ, ಮಗುವಿಗೆ ಬೇಕಾದದ್ದೇ. ಆದರೆ ಆ ನೀರಿನ ಪಾತ್ರೆ ಎತ್ತುತ್ತಿದ್ದವಳು ಯಾರು? ಪಕ್ಕೆಯಿಂದ ಹೊಟ್ಟೆಯವರೆಗೆ ಸೀಳಿಸಿಕೊಂಡು ಬಂದವಳೇ. ಭಾರ ಎತ್ತಬಾರದು ಎಂದು ಡಾಕ್ಟರು ಎಲ್ಲರ ಮುಂದೆಯೇ ಹೇಳಿದ್ದರು. ಕಾಲೇಜಿನಿಂದ ಬಂದು ನಾನು ಕಿತ್ತುಕೊಳ್ಳುವಷ್ಟರಲ್ಲಿ ಅರ್ಧ ಕೆಲಸ ಮುಗಿದಿರುತ್ತಿತ್ತು.

ನೋಡಲು ಬಂದವರು ಹಾಲ್‌ನಲ್ಲಿ ಕೂತು ಚಿಕ್ಕಪ್ಪನ ಕೈ ಹಿಡಿದುಕೊಳ್ಳುತ್ತಿದ್ದರು. "ಮಗನ್ನ ಉಳಿಸ್ಕೊಂಡ್ರಿ ಕಣ್ರೀ, ದೊಡ್ಡ ಗುಂಡಿಗೆ ನಿಮ್ದು." ಚಿಕ್ಕಪ್ಪ ತಲೆ ಬಗ್ಗಿಸಿ ಅದನ್ನು ಸ್ವೀಕರಿಸುತ್ತಿದ್ದರು! ಪಕ್ಕೆ ಅದುಮಿಕೊಂಡು ಕಾಫಿ ತಂದು ಇಡುತ್ತಿದ್ದವಳು ಚಿಕ್ಕಮ್ಮ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವುದನ್ನು ನಾನು ಆ ಹಾಲ್‌ನಲ್ಲೇ ನೋಡಿದೆ.

ಒಂದು ದಿನ ಅಡುಗೆಮನೆಯಲ್ಲಿ ಚಿಕ್ಕಮ್ಮ ಅಜ್ಜಿಯನ್ನು ನೇರವಾಗಿ ಕೇಳಿಬಿಟ್ಟಳು. "ಅತ್ತೆ, ಇವನು ಹುಟ್ಟಿದಾಗ ಮೂರು ತಿಂಗ್ಳು ನೆಲಕ್ಕೆ ಕಾಲಿಡಕ್ಕೆ ಬಿಡ್ಲಿಲ್ಲ ನಮ್ಮಮ್ಮ. ಈಗ ಅವನನ್ನೇ ಇನ್ನೊಂದ್ಸಲ ಹೆತ್ತಂಗಾಗಿದೆ. ನಂಗೆ ಬಾಣಂತನ ಮಾಡಿ."

ಅಜ್ಜಿ ನಕ್ಕಳು. "ಬಾಣಂತನ ತವರಿನೋರು ಮಾಡೋದು ಕಣೇ. ಹೋಗು, ನಿಮ್ಮಮ್ಮನ್ನ ಕೇಳು." ಚಿಕ್ಕಮ್ಮನ ತಾಯಿ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು.

ಮರುದಿನ ಬೆಳಗ್ಗೆ ಒಲೆ ಹತ್ತಲಿಲ್ಲ. ಚಿಕ್ಕಮ್ಮ ಹಾಲ್‌ನ ನಟ್ಟನಡುವೆ ಚಾಪೆ ಹಾಸಿ, ಬಾಣಂತಿಯ ಹಾಗೆ ತಲೆಗೆ ಬಟ್ಟೆ ಬಿಗಿದು, ಕಿವಿಗೆ ಹತ್ತಿ ಇಟ್ಟುಕೊಂಡು, ಗೋಡೆಗೆ ಒರಗಿ ಕೂತಿದ್ದಳು. ಸೆರಗಿನ ತುದಿಯಲ್ಲಿ ಓಮದ ಗಂಟು. ಎದುರುಮನೆಯಾಕೆ ಹಣ್ಣು ತಂದವರು ಬಾಗಿಲಲ್ಲೇ ನಿಂತರು. "ಅಯ್ಯೋ, ಇದ್ಯಾವಾಗ್ರೀ? ನಮಗೆ ಗೊತ್ತೇ ಆಗ್ಲಿಲ್ವಲ್ಲ! ಎಲ್ಲಿ ಮಗು?"

"ಒಳಗೆ ಮಲಗಿದೆ ಕಣ್ರೀ. ಅದೇ ಮಗು. ಎರಡನೇ ಸಲ."

ಆಕೆಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಹಣ್ಣನ್ನು ಅಲ್ಲೇ ಇಟ್ಟು ಹೊರಟುಹೋದರು. "ಏಳು, ನಾಟಕ ಸಾಕು" ಎಂದು ಚಿಕ್ಕಪ್ಪ ಗದರಿದರೆ ಚಿಕ್ಕಮ್ಮ ಕಿವಿಯ ಹತ್ತಿ ತೋರಿಸಿ, ಕೇಳಿಸುವುದಿಲ್ಲ ಎಂದು ಕೈಯಾಡಿಸಿದಳು. ಮಧ್ಯಾಹ್ನ ಅಜ್ಜಿ ಪಾತ್ರೆ ಕುಕ್ಕುತ್ತಾ ಅಡುಗೆ ಮಾಡಿದಳು. ನಾನು ಕಾಲೇಜಿಗೆ ಚಕ್ಕರ್ ಹಾಕಿ ಬಾಣಂತಿ ಮೆಣಸಿನ ಸಾರು ಮಾಡಿ ಬಡಿಸಿದೆ. ಚಿಕ್ಕಮ್ಮ ಎರಡು ಸಲ ಹಾಕಿಸಿಕೊಂಡಳು. "ಖಾರ ಜಾಸ್ತಿಯಾಯ್ತು ಕಣೇ" ಎಂದು ನಕ್ಕಳು. ಆ ಮನೆಯಲ್ಲಿ ಅವಳು ಕೂತು ಬಿಸಿ ಅನ್ನ ಉಂಡದ್ದನ್ನು ನಾನು ನೋಡಿದ್ದು ಅದೊಂದೇ ದಿನ.

ಸಂಜೆ ಮಾತ್ರೆಯ ಹೊತ್ತಾಯಿತು. ಮಗು ಅಜ್ಜಿಯ ಕೈಲಿ ನುಂಗಲಿಲ್ಲ, ಚಿಕ್ಕಪ್ಪನ ಕೈಲಿ ನುಂಗಲಿಲ್ಲ, ನನ್ನ ಕೈ ಕಚ್ಚಿತು. ಕೊನೆಗೆ ಕೋಣೆಯಿಂದ "ಅಮ್ಮಾ" ಎಂದು ಕೂಗಿತು. ಆ ದನಿ ಅಷ್ಟು ಹತ್ತಿಯನ್ನೂ ದಾಟಿ ಹೋಯಿತು. ಅವಳು ಗೋಡೆ ಹಿಡಿದು ಎದ್ದಳು, ಹತ್ತಿ ತೆಗೆದು ಕಿಟಕಿಯ ಮೇಲಿಟ್ಟಳು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋದಳು. "ಮುಗೀತಾ ಬಾಣಂತನ?" ಎಂದಳು ಅಜ್ಜಿ. ಆ ಮಾತಿಗೆ ನನ್ನ ಮೈ ಈಗಲೂ ಉರಿಯುತ್ತದೆ.

ಮುಗಿದಿತ್ತು. ಚಾಪೆಯನ್ನು ಚಿಕ್ಕಮ್ಮನೇ ಸುತ್ತಿಟ್ಟಳು. ಮತ್ತೆಂದೂ ಆ ಮಾತೆತ್ತಲಿಲ್ಲ.

ಹುಡುಗ ಚೇತರಿಸಿಕೊಂಡ, ಸ್ಕೂಲಿಗೆ ಹೋದ, ಈಗ ಕಾಲೇಜಿನಲ್ಲಿದ್ದಾನೆ. ಚಿಕ್ಕಮ್ಮ ಎರಡು ವರ್ಷದ ಹಿಂದೆ ಎದೆನೋವು ಎಂದವಳು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಳು. ಹಾಲ್‌ನಲ್ಲಿ, ಅದೇ ಜಾಗದಲ್ಲಿ ಮಲಗಿಸಿದ್ದರು. ಮೂಗಿಗೆ ಹತ್ತಿ, ಕಿವಿಗೆ ಹತ್ತಿ... ಅವಳು ಕೊಟ್ಟದ್ದು ಮಾತ್ರ ಮಗನೊಳಗೆ ಇನ್ನೂ ದುಡಿಯುತ್ತಲೇ ಇತ್ತು.

ತಿಥಿ ಊಟದ ದಿನ ಚಿಕ್ಕಪ್ಪ ಬಂದವರೆದುರು ಕಣ್ಣೊರೆಸಿಕೊಂಡರು. "ಪಾಪ, ಒಂದಿನ ಬಾಯ್ಬಿಟ್ಟು ಏನೂ ಕೇಳ್ದೋಳಲ್ಲ."

"ಕೇಳಿದ್ಲು ಚಿಕ್ಕಪ್ಪ. ಬಾಣಂತನ ಕೇಳಿದ್ಲು" ಎಂದೆ, ಇಡೀ ಪಂಕ್ತಿಗೆ ಕೇಳುವ ಹಾಗೆ.

ಅವರು ನನ್ನ ಮುಖ ನೋಡಿದರು. "ಯಾವಾಗ?"

ಅವರು ನಾಟಕ ಆಡುತ್ತಿದ್ದರೆ ಜಗಳವಾದರೂ ಆಡುತ್ತಿದ್ದೆ. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ.

ಅಂಗಡಿಯವರು ಓಮ, ಸಾಂಬ್ರಾಣಿ, ಬಜೆ ಎಲ್ಲ ಪೊಟ್ಟಣ ಕಟ್ಟಿ ಮುಂದಿಟ್ಟು ಕೇಳಿದರು: "ಹತ್ತಿನೂ ಹಾಕ್ಲಾಮ್ಮ, ಬಾಣಂತಿ ಕಿವಿಗೆ?"

ಹಾಕಿ ಎಂದೆ. ಅಂದು ಹತ್ತಿ ಇಟ್ಟುಕೊಂಡಿದ್ದವಳು ಚಿಕ್ಕಮ್ಮ. ಕೇಳಿಸದೆ ಹೋದದ್ದು ಮನೆಯವರಿಗೆ.